ಅಕ್ಕನ ಕಣ್ಣಿಗೆ ಸುಣ್ಣ ಬಿದ್ದ ಬೇಸಿಗೆ

ಆಗಿನ ದಿನಗಳು ಎಂದರೆ ಸಾಕು, ಹೊಗಳಲು ಕೂರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾವು ಚಿಕ್ಕವರಿದ್ದಾಗ ವಾಸವಿದ್ದ ಲೈನ್ ಮನೆಯವರದೊಂದು ವಾಟ್ಸಾಪ್ ಗುಂಪಿದೆ. ಮೊನ್ನೆ ಅದರಲ್ಲಿ ಯಾರೋ ಒಂದು ಹಳೆಯ ಫೋಟೊ ಹಾಕಿದರು. ಉದ್ದಕ್ಕೆ ಒಂದೇ ಹೆಂಚಿನ ಮಾಡಿನ ಕೆಳಗಿನ ನಮ್ಮ ರೂಮುಗಳು, ಅರ್ಧ ಗೋಡೆಗೆ ಹೊಸ ಸುಣ್ಣ, ಅರ್ಧ ಗೋಡೆ ಇನ್ನೂ ಕಪ್ಪು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲಾಗಿ ನಿಂತು ನಗುತ್ತಿದ್ದಾರೆ. ಫೋಟೊದ ಕೆಳಗೆ, "ಎಂಥ ಒಗ್ಗಟ್ಟು ಇತ್ತು ಮಾರಾಯ್ರೆ ಆಗ! ಈಗ ಎಲ್ಲಿ ಉಂಟು?" ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ನಾನು ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿದೆ. ನಗುವ ಮುಖಗಳು ನನಗೆ ಬೇಕಿರಲಿಲ್ಲ. ಎಡಮೂಲೆಯಲ್ಲಿ, ಒಂದು ಸಿಮೆಂಟಿನ ಕಂಬಕ್ಕೆ ಕಟ್ಟಿದ ಅಂಗಳದ ನಳ್ಳಿ ಕಂಡಿತು. ಫೋನನ್ನು ಮಗುಚಿಟ್ಟು ಅಡುಗೆಮನೆಗೆ ಹೋಗಿ, ಅಲ್ಲಿನ ನಳ್ಳಿ ತಿರುಗಿಸಿದೆ. ನೀರು ಬಂತು. ಸ್ವಲ್ಪ ಹೊತ್ತು ಅದನ್ನು ನೋಡುತ್ತಾ ನಿಂತು ಮತ್ತೆ ಬಂದ್ ಮಾಡಿದೆ. ಯಾರ ಮನೆಗೆ ಹೋದರೂ ಮೊದಲು ನೀರು ಎಲ್ಲಿದೆಯೆಂದು ನೋಡಿಕೊಳ್ಳುವುದು ನನಗೆ ಆ ಬೇಸಿಗೆಯಿಂದ ಅಂಟಿದ ಚಟ.

ಲೈನ್ ಇದ್ದದ್ದು ಕಡಬ ಪೇಟೆಯಿಂದ ಸ್ವಲ್ಪ ಒಳಗೆ. ಓನರ್ ಪಂಜದವರು, ಬಾಡಿಗೆಗೆ ಮಾತ್ರ ಬರುತ್ತಿದ್ದರು. ಅಪ್ಪ ಸರ್ವಿಸ್ ಜೀಪಿನ ಡ್ರೈವರ್. ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ರೂಮಿನಲ್ಲಿ ಯಾವಾಗಲೂ ಹೊಗೆಸೊಪ್ಪಿನ ಘಾಟು, ನೆನೆಸಿಟ್ಟ ಬೀಡಿ ಎಲೆಯ ವಾಸನೆ. ನಮಗೆ ತಾಗಿಕೊಂಡ ರೂಮಿನಲ್ಲಿ ಕುಸುಮಕ್ಕ, ಅವರ ಗಂಡ ಬಾಬಣ್ಣ. ಬಾಬಣ್ಣ ಗಾರೆ ಕೆಲಸಕ್ಕೆ ಹೋಗುವವರು. ಕೊನೆಯ ರೂಮಿನಲ್ಲಿ ಎಳೆಮಗುವಿನ ತಾಯಿ ನಸೀಮಕ್ಕ. ಅವರ ಗಂಡ ಗಲ್ಫಿನಲ್ಲಿದ್ದರು. ನಮ್ಮ ಮನೆಯಲ್ಲಿ ತುಳು, ಕುಸುಮಕ್ಕನ ಮನೆಯಲ್ಲಿ ಅರೆಭಾಷೆ, ನಸೀಮಕ್ಕನ ಮನೆಯಲ್ಲಿ ಬ್ಯಾರಿ. ಜಗಳಕ್ಕೆ ಮಾತ್ರ ಎಲ್ಲರಿಗೂ ಕನ್ನಡ.

ಜಗಳ ಯಾವಾಗಲೂ ನೀರಿನದ್ದೇ. ಇಡೀ ಲೈನಿಗೆ ಅಂಗಳದಲ್ಲಿ ಒಂದು ನಳ್ಳಿ. ಬೇಸಿಗೆಯಲ್ಲಿ ಪಂಚಾಯತಿನ ನೀರು ಮನಸ್ಸು ಬಂದಾಗ ಬರುತ್ತಿತ್ತು. ಕುಸುಮಕ್ಕ ಹಿಂದಿನ ಸಂಜೆಯೇ ತಮ್ಮ ಕೊಡಪಾನವನ್ನು ನಳ್ಳಿಯ ಬುಡದಲ್ಲಿಟ್ಟು ಹೋಗುತ್ತಿದ್ದರು. ಬೆಳಿಗ್ಗೆ ಅಮ್ಮ ಅದನ್ನು ಕಾಲಿನಿಂದ ಬದಿಗೆ ಸರಿಸಿ ನಮ್ಮದನ್ನು ಇಡುತ್ತಿದ್ದರು. ಆ ಸದ್ದಿಗೇ ಕುಸುಮಕ್ಕ ಹೊರಗೆ ಬರುತ್ತಿದ್ದರು.

"ಕಾಲಲ್ಲಿ ಒದೀಲಿಕ್ಕೆ ಅದೆಂತ ಫುಟ್‌ಬಾಲಾ? ನಳ್ಳಿ ಎಂತ ನಿಮ್ಮ ಅಜ್ಜ ಹಾಕಿಸಿದ್ದಾ?"

"ನಮ್ಮ ಅಜ್ಜ ಹಾಕಿಸ್ಲಿಲ್ಲ. ನಿಮ್ಮ ಗಂಡನೂ ಹಾಕಿಸ್ಲಿಲ್ಲ. ಅವರು ಕಟ್ಟಿದ ಗೋಡೆ ಹೇಗೆ ನಿಲ್ತದೆ ಅಂತ ಊರಿಗೆಲ್ಲ ಗೊತ್ತುಂಟು."

ಇಂಥ ಮಾತಿನ ನಡುವೆ ಕೊಡಪಾನ ತುಂಬಿ ಒಂದು ಲೋಟದಷ್ಟು ನೀರು ಹೊರಚೆಲ್ಲಿದರೂ ಇಡೀ ಲೈನ್ ಬಾಯಿ ಹಾಕುತ್ತಿತ್ತು. ಚೆಲ್ಲಿದ ನೀರಿಗಾಗಿ ಒಬ್ಬರ ಮುಖ ಒಬ್ಬರು ನೋಡದೆ ವಾರಗಟ್ಟಲೆ ಕಳೆದವರು ಅವರು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಅಕ್ಕನ ಹೆಸರು ಶೈಲಜ. ನನಗಿಂತ ಮೂರು ವರ್ಷ ದೊಡ್ಡವಳು, ಆ ಬೇಸಿಗೆ ಏಳನೆಯ ತರಗತಿ ಮುಗಿಸಿದ್ದಳು. ಅವಳ ಕಣ್ಣಿನ ಬಗ್ಗೆ ಅಮ್ಮನಿಗೆ ಜಂಬ. ಮಾರ್ಗದ ಬದಿ ನಿಂತರೆ, ತಿರುವಿನಲ್ಲಿ ಬಸ್ಸಿನ ಮೂತಿ ಕಾಣುವಷ್ಟರಲ್ಲಿ ಅಕ್ಕ ಬೋರ್ಡು ಓದಿ ಮುಗಿಸುತ್ತಿದ್ದಳು. "ಸುಬ್ರಹ್ಮಣ್ಯದ್ದು. ನಮ್ಮದಲ್ಲ, ಕೂತ್ಕೊಳ್ಳಿ" ಎಂದು ಗಂಡಸರಿಗೆಲ್ಲ ಅಪ್ಪಣೆ ಕೊಡುತ್ತಿದ್ದಳು. ಅಪ್ಪನ ಜೀಪು ಬರುವುದನ್ನೂ ಅವಳೇ ಮೊದಲು ಕಾಣುತ್ತಿದ್ದಳು. ಚಿಮಿಣಿ ದೀಪದ ಬೆಳಕಿನಲ್ಲಿ ಬೀಡಿಯ ತುದಿ ಮಡಚಿ ಒಳಗೆ ದೂಡುವುದರಲ್ಲಿ ಅವಳ ಕೈಯನ್ನು ಅಮ್ಮನ ಕೈ ಮೀರುತ್ತಿರಲಿಲ್ಲ. ನನಗೆ ಮಾತ್ರ, "ನಿನ್ನ ಕಣ್ಣು ಎಂತ, ಗೇರುಬೀಜವಾ?" ಎಂದು ತಮಾಷೆ ಮಾಡುತ್ತಿದ್ದಳು.

ದೊಡ್ಡ ರಜೆಯಲ್ಲಿ ಸುಣ್ಣ ಬಳಿಯುವುದು ಲೈನಿನ ಕ್ರಮ. ಸುಣ್ಣ ಓನರದ್ದು, ಕೆಲಸ ಬಾಡಿಗೆಯವರದ್ದು. ಸುಣ್ಣಕ್ಕೆಂದು ಸುಟ್ಟ ಕಪ್ಪೆಚಿಪ್ಪನ್ನು ಗೋಣಿಯಲ್ಲಿ ತಂದು ಅಂಗಳಕ್ಕೆ ಹಾಕಿ ಹೋಗುತ್ತಿದ್ದರು. ಡಾಮರಿನ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ಇಟ್ಟದ್ದೊಂದು ಇತ್ತು. ಅದಕ್ಕೆ ಚಿಪ್ಪು ಸುರಿದು ಬಾಬಣ್ಣ ಸ್ವಲ್ಪ ಸ್ವಲ್ಪವಾಗಿ ನೀರು ಹಾಕಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಳಗಿನಿಂದ ಗೊಣಗಿದಂತೆ ಒಂದು ಸದ್ದು. ಮತ್ತೆ ಹಬೆ. ಮತ್ತೆ ಬೆಂಕಿಯೇ ಇಲ್ಲದೆ ಡ್ರಮ್ಮು ಕೊತಕೊತ ಕುದಿಯಲು ಶುರು. ಬಿಸಿ ಮಣ್ಣಿನಂಥ ವಾಸನೆ ಮೂಗಿನ ಒಳಗೆ ಹೋಗಿ ಕೂರುತ್ತಿತ್ತು. ನಮಗೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಮೋಜು ಬೇರೆ ಇರಲಿಲ್ಲ.

ಅದರಲ್ಲಿ ಅಡುಗೆಯೂ ಇತ್ತು. ಹಾಲುಪುಡಿಯ ಡಬ್ಬಿಗೆ ಹಲಸಿನ ಬೀಜ, ಉಪ್ಪು, ನೀರು ಹಾಕಿ ಮುಚ್ಚಳ ಬಿಗಿದು, ಡಬ್ಬಿಯನ್ನು ಕುದಿಯುವ ಸುಣ್ಣದಲ್ಲಿ ಹುಗಿಯುವುದು. ಸುಣ್ಣ ತಣಿಯುವ ಹೊತ್ತಿಗೆ ಬೀಜ ಬೆಂದಿರುತ್ತಿತ್ತು. ದೊಡ್ಡವರು ಯಾರೂ ಬೇಡ ಎನ್ನುತ್ತಿರಲಿಲ್ಲ. ಅವರೂ ಚಿಕ್ಕವರಿದ್ದಾಗ ಅದನ್ನೇ ಮಾಡಿದವರು. ಹಾಗೆ ನಮಗೆ ಓದು ಬರಹಕ್ಕಿಂತ ಮೊದಲೇ ಒಂದು ಪಾಠ ಆಗಿತ್ತು: ಸುಣ್ಣಕ್ಕೆ ನೀರು ಬಿದ್ದರೆ ಬೇಯುತ್ತದೆ.

ಆ ದಿನ ಮಧ್ಯಾಹ್ನದ ಊಟ ಆಗಿತ್ತು. ನಳ್ಳಿಯಲ್ಲಿ ನೀರು ಬಂದಿತ್ತು, ಕುಸುಮಕ್ಕನ ಕೊಡಪಾನ ಅದರ ಕೆಳಗಿತ್ತು. ಬಾಬಣ್ಣ ಬಕೆಟ್ ಹಿಡಿದು ಡ್ರಮ್ಮಿನ ಬಳಿ ನಿಂತಿದ್ದರು. ಯಾರ ರೂಮಿಗೆ ಮೊದಲು ಸುಣ್ಣ ಎಂಬ ಮಾತು ಬಂತು. ಅಮ್ಮ ಜಗಲಿಯಲ್ಲಿ ಬೀಡಿ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡೇ ಹೇಳಿದರು.

"ಪ್ರತಿ ವರ್ಷ ನಿಮ್ಮ ರೂಮಿಗೆ ದಪ್ಪ ಸುಣ್ಣ, ನಮಗೆ ತಳದ ನೀರು. ಈ ಸಲ ನಮ್ಮ ಕಡೆಯಿಂದ ಶುರು ಮಾಡಿ."

"ಕಲಸುದು ನಾನು, ಮೊದಲು ನಿಮಗಾ? ಹಾಗಾದ್ರೆ ನಿಮ್ಮ ಗಂಡನಿಗೆ ಜೀಪು ಬಿಟ್ಟು ಬಂದು ಕಲಸ್ಲಿಕ್ಕೆ ಹೇಳಿ."

"ನನ್ನ ಗಂಡನ ಸುದ್ದಿ ನಿಮಗೆಂತಕ್ಕೆ?"

"ಸರಿ, ನೀವೇ ಬಳ್ಕೊಳ್ಳಿ ಮಾರಾಯ್ರೆ, ನೀವೇ ಬಳ್ಕೊಳ್ಳಿ!" ಎನ್ನುತ್ತಾ ಬಾಬಣ್ಣ ಅಮ್ಮನ ಕಡೆಗೇ ನೋಡುತ್ತಾ ಬಕೆಟ್ಟಿನಲ್ಲಿ ಉಳಿದದ್ದನ್ನೆಲ್ಲ ಒಮ್ಮೆಲೇ ಡ್ರಮ್ಮಿಗೆ ಬಗ್ಗಿಸಿದರು.

ಅಕ್ಕ ಡ್ರಮ್ಮಿನ ಈಚೆ ಬದಿಯಲ್ಲಿ ಇದ್ದಳು. ನಮ್ಮ ಡಬ್ಬಿ ಮುಳುಗಿತೋ ಇಲ್ಲವೋ ಎಂದು ನೋಡಲು ಅದೇ ಹೊತ್ತಿಗೆ ಬಗ್ಗಿದ್ದಳು. ತಳದಲ್ಲಿ ನೀರು ತಾಗದೆ, ಅರಳದೆ ಉಳಿದಿದ್ದ ಚಿಪ್ಪಿನ ಗಟ್ಟಿ ಇತ್ತೋ ಏನೋ, ಪಟಾಕಿಯಂಥ ಒಂದು ಸದ್ದಾಯಿತು. ಬಿಳಿ ಮುದ್ದೆಯೊಂದು ಎದ್ದು ಅವಳ ಎಡಗಣ್ಣಿಗೆ ಬಡಿಯಿತು.

ಅಕ್ಕ ಕೂಗಲಿಲ್ಲ. ಮೊದಲ ಕ್ಷಣ ಅವಳಿಗೆ ಆಶ್ಚರ್ಯ ಆದ ಹಾಗಿತ್ತು. ಮತ್ತೆ ಅವಳು ತಿರುಗಿ ನೇರ ನಳ್ಳಿಯ ಕಡೆಗೆ ಓಡಿದಳು. ಯಾರೂ ಹೇಳಿಕೊಡದೆ, ಕಣ್ಣು ಮುಚ್ಚಿಕೊಂಡೇ, ನಳ್ಳಿ ಎಲ್ಲಿದೆಯೋ ಅಲ್ಲಿಗೆ. ಅವಳ ಕೈ ಕೊಡಪಾನದ ಬಾಯಿಗೆ ತಾಗುವಷ್ಟು ಹತ್ತಿರ ಹೋಗಿತ್ತು. ನಾನು ನೋಡಿದ್ದೇನೆ. ಇವತ್ತಿಗೂ ನಾನು ಅಲ್ಲಿಗೆ ಹಿಂದೆ ಹೋಗಿ ಹೋಗಿ ನೋಡುವುದು ಆ ಒಂದು ಗೇಣನ್ನು.

"ನೀರು ಹಾಕ್ಬೇಡಿ! ಸುಣ್ಣ ಅದು, ಬೇಯ್ತದೆ!"

ಮೊದಲು ಕೂಗಿದವರು ಬಾಬಣ್ಣ. ಅದೇ ಉಸಿರಿಗೆ ಕುಸುಮಕ್ಕ. ಅದೇ ಉಸಿರಿಗೆ ನನ್ನ ಅಮ್ಮ. ಕೊನೆಯ ರೂಮಿನಿಂದ ಓಡಿ ಬಂದ ನಸೀಮಕ್ಕನೂ, "ಅಲ್ಲಾ, ನೀರು ಬೇಡ, ನೀರು ಬೇಡ" ಎಂದರು. ಬಾಬಣ್ಣ ಅಕ್ಕನನ್ನು ಸೊಂಟದಲ್ಲಿ ಹಿಡಿದು ಹಿಂದಕ್ಕೆ ಎಳೆದರು. ಅಮ್ಮ ಗೆರಸೆ ಬಿಸಾಡಿ ಬಂದು ಒಂದು ಕೈ ಹಿಡಿದರು. ಇನ್ನೊಂದು ಕೈ ಕುಸುಮಕ್ಕನ ಹಿಡಿತದಲ್ಲಿ. ನಳ್ಳಿಯ ಬುಡದಲ್ಲಿ ಒಬ್ಬರನ್ನೊಬ್ಬರು ಮುಟ್ಟಿದರೆ ಮೈಲಿಗೆಯೆಂಬಂತೆ ಬದುಕಿದ್ದ ಆ ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಂತು ಅಕ್ಕನನ್ನು ಹಿಡಿದುಕೊಂಡಿದ್ದರು.

ಆಗ ಅಕ್ಕ ಕೂಗಲು ಶುರು ಮಾಡಿದಳು. "ನೀರು! ಅಮ್ಮಾ, ನೀರು ಬಿಡಿ! ನೀರು!"

"ಬೇಡ ಮಗಾ, ಬೇಡ. ಕಣ್ಣು ಬೆಂದು ಹೋಗ್ತದೆ. ಉಜ್ಜಬೇಡ. ಕುಸುಮಕ್ಕಾ, ಕೈ ಗಟ್ಟಿ ಹಿಡ್ಕೊಳ್ಳಿ!"

"ಹಿಡ್ಕೊಂಡಿದ್ದೇನೆ, ಹಿಡ್ಕೊಂಡಿದ್ದೇನೆ! ಏ, ಎಣ್ಣೆ ತನ್ನಿ ಯಾರಾದ್ರೂ! ನಮ್ಮ ಒಲೆ ಹತ್ರ ತೆಂಗಿನೆಣ್ಣೆ ಉಂಟು!"

ಎಣ್ಣೆ ಬಂತು. ದಾಸವಾಳದ ಎಲೆ ಹಾಕಿ ಕಾಯಿಸಿದ ತಲೆಗೆ ಹಚ್ಚುವ ಎಣ್ಣೆ. ಬಾಬಣ್ಣ ಅಕ್ಕನ ರೆಪ್ಪೆ ಬಿಡಿಸಿ ಹಿಡಿದರು, ಅಮ್ಮ ಸುರಿದರು. ಅಕ್ಕ ಒದ್ದಳು, ಬಾಬಣ್ಣನ ಮಣಿಕಟ್ಟು ಕಚ್ಚಿದಳು. "ಇದು ಹೆಣ್ಣಾ, ಹುಲಿಯಾ?" ಎಂದರೂ ಅವರು ಬಿಡಲಿಲ್ಲ. ನಸೀಮಕ್ಕ ಗೋಡೆಯ ಕಡೆ ತಿರುಗಿ ನಿಂತು ತೆಂಗಿನ ಗೆರಟೆಗೆ ತಮ್ಮ ಎದೆಹಾಲು ಹಿಂಡಿ ತಂದರು. ಅದನ್ನೂ ಕಣ್ಣಿಗೆ ಬಿಟ್ಟರು. ನಸೀಮಕ್ಕ ಅಳುತ್ತಿದ್ದರು. ಎಲ್ಲರಿಗೂ ಅಕ್ಕನ ಮೇಲೆ ಕರುಣೆಯೇ ಇತ್ತು. ನನಗೆ ಸಿಟ್ಟು ಬರುವುದು ಅದಕ್ಕೇ. ಕೆಟ್ಟದ್ದು ಬಯಸಿದವರು ಒಬ್ಬರಾದರೂ ಇದ್ದಿದ್ದರೆ, ನಾನು ಇಷ್ಟು ವರ್ಷ ಯಾರನ್ನು ದ್ವೇಷಿಸಬೇಕೆಂದು ಹುಡುಕಬೇಕಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಸುಮ್ಮನಾದಳು. ಅವಳನ್ನು ಜಗಲಿಯಲ್ಲಿ ಮಲಗಿಸಿ ಮುಖಕ್ಕೆ ಒದ್ದೆಯಲ್ಲದ ಬಟ್ಟೆ ಹೊದೆಸಿದರು. ಕುಸುಮಕ್ಕ ಬಟ್ಟೆ ಎತ್ತಿ ನೋಡಿ ಹೇಳಿದರು, "ನೋಡಿ, ಕೆಂಪೇ ಆಗ್ಲಿಲ್ಲ. ಬೆಳ್ಳಗೆ ಉಂಟು. ಎಣ್ಣೆ ಹಿಡಿಯಿತು."

ಅಮ್ಮನೂ ನೋಡಿದರು. ಬಾಬಣ್ಣನೂ ನೋಡಿದರು. ಹೌದು, ಕೆಂಪಿರಲಿಲ್ಲ. ಕೆಂಗಣ್ಣು ಬಂದಾಗ ಕಣ್ಣು ಹೇಗಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಇದು ಹಾಗಾಗಿರಲಿಲ್ಲ. ಕಪ್ಪುಗುಡ್ಡೆಯ ಸುತ್ತ ತೊಳೆದಿಟ್ಟ ಪಿಂಗಾಣಿಯ ಹಾಗೆ ಬಿಳಿ. ಅಮ್ಮನಿಗೆ ಹೋದ ಜೀವ ಬಂದಂತಾಯಿತು. "ನಿಮ್ಮ ಎಣ್ಣೆಯಿಂದ ಬದುಕಿದಳು ಕುಸುಮಕ್ಕಾ" ಎಂದರು. ನನಗೆ ತಿಳಿದ ಮಟ್ಟಿಗೆ ಅಮ್ಮ ಅವರಿಗೆ ಹೇಳಿದ ಒಂದೇ ಒಳ್ಳೆಯ ಮಾತು ಅದು.

ಅಪ್ಪ ಸಂಜೆ ಬಂದರು. ಆ ದಿನ ಜೀಪು ಬರುವುದನ್ನು ಮೊದಲು ಕಾಣುವವರು ಯಾರೂ ಇರಲಿಲ್ಲ, ಅಂಗಳಕ್ಕೆ ಬಂದು ನಿಂತ ಮೇಲೆಯೇ ನಮಗೆ ಗೊತ್ತಾದದ್ದು. ಅಪ್ಪ ಅಕ್ಕನ ಮುಖದ ಬಟ್ಟೆ ಎತ್ತಿ ನೋಡಿದರು. ಅಕ್ಕ, "ಅಪ್ಪ, ಈ ಕಣ್ಣಲ್ಲಿ ಹೊಗೆ ಉಂಟು" ಎಂದಳು.

ಅಪ್ಪ ಅವಳನ್ನು ಎತ್ತಿಕೊಂಡು ಜೀಪಿಗೆ ಹಾಕಬೇಕಿತ್ತು. ಅದರ ಬದಲು ಪಕ್ಕದ ರೂಮಿನ ಬಾಗಿಲಿಗೆ ಹೋಗಿ ನಿಂತರು.

"ಏ ಬಾಬು, ಹೊರಗೆ ಬಾ. ಮಕ್ಕಳು ಎದುರಿರುವಾಗ ಬಕೆಟ್ ಮಗುಚಿದ್ದು ಯಾರು?"

"ನಿನ್ನ ಮಗಳಿಗೆ ಬಗ್ಗಿ ನೋಡ್ಲಿಕ್ಕೆ ಹೇಳಿದ್ದು ಯಾರು? ಅಲ್ಲೇ ಕೂತಿದ್ಲಲ್ಲ ತಾಯಿ, ಜಗಳ ಮಾಡ್ಲಿಕ್ಕೆ ಬಾಯಿ ಇತ್ತು, ಮಗಳನ್ನು ಕರೀಲಿಕ್ಕೆ ಇರ್ಲಿಲ್ಲ."

"ಹೆಂಗಸಿನ ಸುದ್ದಿ ತೆಗೆದ್ರೆ ಹಲ್ಲು ಉದುರಿಸ್ತೇನೆ."

"ಉದುರ್ಸು ನೋಡುವಾ!"

ಅಪ್ಪ ಬಾಬಣ್ಣನ ಬನಿಯನ್ ಹಿಡಿದರು. ಬಾಬಣ್ಣ ಗಾರೆಯ ಕರಣೆ ಹಿಡಿದರು. ಹೆಂಗಸರು ನಡುವೆ ಬಂದರು, ಮಾರ್ಗದಿಂದ ಜನ ಸೇರಿದರು, ಯಾರು ಯಾವ ಮಾತು ಮೊದಲು ಹೇಳಿದ್ದೆಂದು ಮತ್ತೆ ಮೊದಲಿಂದ ವಿಚಾರಣೆ ಆಯಿತು. ನಾನು ಅಕ್ಕನ ಬಳಿ ಕೂತಿದ್ದೆ. ಅವಳು ಬಲಗಣ್ಣು ಬಿಟ್ಟು ಹೆಂಚಿನ ಮಾಡನ್ನು ನೋಡುತ್ತಾ ಮಲಗಿದ್ದಳು. ಜಗಳ ಮುಗಿಯುವವರೆಗೆ ಅವಳನ್ನು ಯಾರೂ ಎಬ್ಬಿಸಲಿಲ್ಲ. ಆ ಹೊತ್ತಿನಲ್ಲಿ ಸುಣ್ಣ ಅವಳ ರೆಪ್ಪೆಯೊಳಗೆ ಇನ್ನೂ ಕೆಲಸ ಮಾಡುತ್ತಿತ್ತು. ಅದು ನಮಗೆ ಗೊತ್ತಿರಲಿಲ್ಲ.

ಪೇಟೆಯ ಡಾಕ್ಟ್ರು ಶಟರ್ ಎಳೆಯುತ್ತಿದ್ದರು. ಸುಣ್ಣ ಎಂಬ ಮಾತು ಕೇಳಿದ್ದೇ ತಡ, ಶಟರನ್ನು ಅಲ್ಲಿಗೇ ಬಿಟ್ಟು ಅಕ್ಕನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು. ಮೇಜಿನ ಮೇಲೆ ಮಲಗಿಸಿ, ಗ್ಲುಕೋಸ್ ಹಾಕುವ ಹಾಗೆ ಬಾಟಲಿ ತೂಗುಹಾಕಿ, ಅದರ ನಳಿಗೆಯನ್ನು ನೇರ ಕಣ್ಣಿಗೆ ಬಿಟ್ಟರು. ಒಂದು ಬಾಟಲಿ ಮುಗಿದ ಕೂಡಲೇ ಇನ್ನೊಂದು. ಆಮೇಲೆ ಒಂದು ಕಡ್ಡಿಯಿಂದ ಮೇಲಿನ ರೆಪ್ಪೆಯನ್ನು ಮಗುಚಿದರು. ರೆಪ್ಪೆ ಒಳಗಿನಿಂದ ಹೊರಗೆ ಬರುವುದನ್ನು ನಾನು ಅದೇ ಮೊದಲು ನೋಡಿದ್ದು. ಅಲ್ಲಿ ಅಂಟಿಕೊಂಡಿತ್ತು, ನುಚ್ಚಿನ ಕಾಳಿನಂಥ ಸುಣ್ಣದ ಹರಳು. ಮಧ್ಯಾಹ್ನದಿಂದ ಅಲ್ಲೇ ಇತ್ತು. ಎಣ್ಣೆ ಅದರ ಮೇಲಿನಿಂದ ಜಾರಿ ಹೋಗಿತ್ತು, ಹಾಲೂ ಜಾರಿ ಹೋಗಿತ್ತು.

ಡಾಕ್ಟ್ರು ಹತ್ತಿಯಲ್ಲಿ ಅದನ್ನು ತೆಗೆದು ಅಪ್ಪ ಅಮ್ಮನಿಗೆ ತೋರಿಸಿದರು. "ಬಿದ್ದ ಕೂಡ್ಲೇ ಯಾಕೆ ತೊಳೀಲಿಲ್ಲ? ಮನೆಯಲ್ಲಿ ನೀರಿರ್ಲಿಲ್ವಾ?"

ಅಮ್ಮ ಹೇಳಿದರು, "ನೀರು ಇತ್ತು ಡಾಕ್ಟ್ರೇ. ಸುಣ್ಣ ಅಲ್ವಾ? ನೀರು ಹಾಕಿದ್ರೆ ಬೇಯುದಿಲ್ವಾ?"

ಡಾಕ್ಟ್ರು ಹತ್ತಿಯನ್ನು ತಟ್ಟೆಗೆ ಹಾಕಿ ಸ್ಟೂಲ್ ಎಳೆದು ಕೂತರು. ಮತ್ತೆ ಮೆಲ್ಲ ಹೇಳಿದರು. "ಅಮ್ಮಾ, ಕಣ್ಣೊಳಗೆ ನೀರು ಮೊದ್ಲೇ ಉಂಟಲ್ಲ. ಕಣ್ಣೀರು. ಸುಣ್ಣಕ್ಕೆ ಬೇಯ್ಲಿಕ್ಕೆ ಅಷ್ಟೇ ಸಾಕು, ಅದು ಬೇಯ್ತಾನೇ ಇರ್ತದೆ. ತುಂಬ ನೀರು ಬಿಟ್ಟಿದ್ರೆ ಸುಣ್ಣವೇ ತೊಳೆದು ಹೋಗ್ತಿತ್ತು. ಬಿಸಿಯೂ ಅದರೊಟ್ಟಿಗೇ ಹೋಗ್ತಿತ್ತು."

"ಆದ್ರೆ ಕೆಂಪಿಲ್ಲ ಅಲ್ವಾ?" ಅಮ್ಮ ಕೇಳಿದರು. "ಬೆಳ್ಳಗೆ ಉಂಟಲ್ಲ?"

"ಕೆಂಪಿದ್ದಿದ್ರೆ ನನಗೆ ಸಮಾಧಾನ ಇತ್ತು. ಬಿಳಿ ಅಂದ್ರೆ ರಕ್ತದ ನರಗಳೇ ಸುಟ್ಟಿವೆ. ಈಗಲೇ ಪುತ್ತೂರಿಗೆ ಹೋಗಿ, ಕಣ್ಣಿನ ಡಾಕ್ಟ್ರ ಹತ್ರ. ನಾಳೆ ಬೆಳಿಗ್ಗೆ ಅಂತ ಕೂತ್ಕೊಳ್ಬೇಡಿ."

ಪುತ್ತೂರಿನವರು ಮಂಗಳೂರಿಗೆ ಕಳಿಸಿದರು. ಆ ರಜೆಯ ಉಳಿದ ಭಾಗವೆಲ್ಲ ನನಗೆ ನೆನಪಿರುವುದು ಹನಿಗಳಾಗಿ. ಗಂಟೆಗೊಮ್ಮೆ ಒಂದು ಮದ್ದು, ಎರಡು ಗಂಟೆಗೊಮ್ಮೆ ಇನ್ನೊಂದು. ಅದಕ್ಕಿಂತ ಕೆಟ್ಟದ್ದು ಗಾಜಿನ ಕಡ್ಡಿ. ಸುಟ್ಟ ರೆಪ್ಪೆ ಸುಟ್ಟ ಕಣ್ಣಿಗೆ ಅಂಟಿ ಬೆಳೆಯದಂತೆ, ಕಡ್ಡಿಗೆ ಮುಲಾಮು ಸವರಿ ರೆಪ್ಪೆಯ ಒಳಗೆ ಆಚೆಯಿಂದ ಈಚೆಗೆ ಎಳೆಯಬೇಕು. ಅದನ್ನು ಮನೆಯಲ್ಲಿ ಮಾಡುವವರು ಅಮ್ಮ. ಬೀಡಿ ಎಲೆಯನ್ನು ಒಂದು ಕೂದಲೆಳೆ ಹೆಚ್ಚು ಕಡಿಮೆಯಾಗದೆ ಕತ್ತರಿಸುವ ಕೈ ಕಡ್ಡಿಯನ್ನು ರೆಪ್ಪೆಯ ಬಳಿ ತಂದು ಮತ್ತೆ ಹಿಂದಕ್ಕೆ ತೆಗೆಯುತ್ತಿತ್ತು.

"ಕೈ ಹಿಡ್ಕೊಳ್ಳೇ" ಎಂದು ಅಮ್ಮ ನನಗೆ ಹೇಳಿದರು, ಮೊದಲ ದಿನ.

"ನನ್ನ ಕೈ ಯಾರೂ ಹಿಡ್ಕೊಳ್ಳುದು ಬೇಡ" ಎಂದಳು ಅಕ್ಕ. ಆ ಮೇಲೆ ಚಾಪೆಯ ಅಂಚನ್ನು ತಾನೇ ಹಿಡಿದುಕೊಂಡು ಮಲಗುತ್ತಿದ್ದಳು. ಚಾಪೆಯ ಆ ಬದಿ ಹೆಣಿಗೆ ಬಿಚ್ಚಿ ಹೋಯಿತು.

ಇಷ್ಟಾದರೂ ಕಣ್ಣಿನ ಕಪ್ಪು ಭಾಗದ ಮೇಲೆ ಬಿಳಿ ಪೊರೆ ಬೆಳೆದು, ಅದರ ಮೇಲೆ ಕೆಂಪು ನರಗಳು ಹರಿದು ಬಂದವು. ಊರಿನ ಮಾತಿನಲ್ಲಿ ಹೂ ಬಿತ್ತು. ಶಾಲೆ ಶುರುವಾದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಅವಳನ್ನು "ಏ ಸುಣ್ಣದ ಡಬ್ಬಿ" ಎಂದು ಕರೆದ. ಅಕ್ಕ ಅವನ ಟಿಫಿನ್ನಿನ ಗಂಜಿಯನ್ನು ಅವನ ತಲೆಗೇ ಮಗುಚಿ, "ತೊಳ್ಕೋ ಹೋಗು, ನಿನಗೆ ನೀರು ಉಂಟಲ್ಲ" ಎಂದಳಂತೆ. ಟೀಚರು ಅವಳನ್ನೇ ಹೊರಗೆ ನಿಲ್ಲಿಸಿದರು.

ಲೈನಿನಲ್ಲಿ ಏನಾದರೂ ಬದಲಾಯಿತೇ? ನಳ್ಳಿಯ ಜಗಳಕ್ಕೆ ಹೊಸ ಮಾತುಗಳು ಸಿಕ್ಕಿದವು, ಅಷ್ಟೆ.

"ತಲೆಗೆ ಹಚ್ಚುವ ಎಣ್ಣೆ ಕಣ್ಣಿಗೆ ಕೊಟ್ಟವರು ನೀವು."

"ಸುರಿದದ್ದು ಯಾರ ಕೈ? ಹೆತ್ತವಳ ಕೈಯಲ್ವಾ?"

ಇಬ್ಬರೂ ಹೇಳುತ್ತಿದ್ದದ್ದು ನಿಜವೇ. ಆ ನಿಜವನ್ನು ಇಬ್ಬರೂ ಕೊಡಪಾನದ ಹಾಗೆ ಇನ್ನೊಬ್ಬರ ಕಡೆಗೆ ಕಾಲಲ್ಲಿ ದೂಡುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಓನರ್ ಮತ್ತೆ ಚಿಪ್ಪಿನ ಗೋಣಿ ಇಳಿಸಿದರು. ಬಾಬಣ್ಣ ಮತ್ತೆ ಡ್ರಮ್ಮಿಗೆ ನೀರು ಹಾಕಿದರು. ಮಕ್ಕಳು ಮತ್ತೆ ಡಬ್ಬಿ ಹುಗಿದರು. ಯಾರ ಬಾಯಿಯಿಂದಲೂ, "ಕಣ್ಣಿಗೆ ಬಿದ್ದರೆ ನೀರಿಗೆ ಓಡಿ" ಎಂಬ ಒಂದು ಮಾತು ಬರಲಿಲ್ಲ. ಹಾಗೆ ಹೇಳಿದರೆ ಆ ಮಧ್ಯಾಹ್ನ ತಾವು ಮಾಡಿದ್ದೇನೆಂದು ಒಪ್ಪಿಕೊಂಡಂತೆ ಆಗುತ್ತಿತ್ತು. ನಾವು ಆ ವರ್ಷವೇ ಲೈನ್ ಬಿಟ್ಟೆವು.

ಮುಂದೆ ನಾನು ಪುತ್ತೂರಿನಲ್ಲಿ ಕಾಲೇಜಿಗೆ ಹೋಗಿ ರಸಾಯನಶಾಸ್ತ್ರ ಓದಿದೆ. ಆಸಿಡ್ ಬಿದ್ದರೆ ಮೇಲ್ಪದರ ಗಟ್ಟಿಯಾಗಿ ತಾನೇ ಅಡ್ಡ ನಿಲ್ಲುತ್ತದೆ, ಕ್ಷಾರ ಹಾಗಲ್ಲ, ಕರಗಿಸುತ್ತಾ ಒಳಗೆ ಇಳಿಯುತ್ತದೆ ಎಂದು ಲೆಕ್ಚರರ್ ಹೇಳಿದ ದಿನ ನಾನು ಕ್ಲಾಸಿನಿಂದ ಎದ್ದು ಹೋಗಿ ವಾಷ್ ಬೇಸಿನ್ನಿನ ಮುಂದೆ ನಿಂತಿದ್ದೆ. ಲ್ಯಾಬಿನ ಗೋಡೆಯಲ್ಲಿ ಬರೆದಿತ್ತು: ಕಣ್ಣಿಗೆ ಏನೇ ಬಿದ್ದರೂ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ. ಇಷ್ಟೇ. ಒಂದು ಸಾಲು. ಅಕ್ಕನ ಕಾಲಿಗೆ ಗೊತ್ತಿದ್ದದ್ದು.

ಅಕ್ಕ ಈಗ ನರಿಮೊಗರಿನಲ್ಲಿದ್ದಾಳೆ, ಅಲ್ಲೇ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ಮಕ್ಕಳೆಲ್ಲ ಬಲಗಣ್ಣಿಗೆ ಸಿಗುವ ಹಾಗೆ ಬೋರ್ಡಿನ ಮೂಲೆಯಲ್ಲಿ ನಿಲ್ಲುತ್ತಾಳೆ. ಸುಟ್ಟ ಕಣ್ಣಿನ ಅಂಚಿನಲ್ಲಿ ಹೊಸ ಪದರ ಹುಟ್ಟಿಸುವ ಜೀವಕೋಶಗಳೇ ಸತ್ತಿವೆ, ಒಳ್ಳೆಯ ಕಣ್ಣಿನ ಅಂಚಿನಿಂದ ಒಂದು ಚೂರು ತೆಗೆದು ಅಲ್ಲಿ ಇಟ್ಟರೆ ಮತ್ತೆ ಹುಟ್ಟಬಹುದು ಎಂದು ದೊಡ್ಡ ಆಸ್ಪತ್ರೆಯಲ್ಲಿ ಹೇಳಿದಾಗ ಅವಳು ಕುರ್ಚಿಯಿಂದ ಎದ್ದೇಬಿಟ್ಟಿದ್ದಳು.

"ಇರುವ ಒಂದಕ್ಕೂ ಕತ್ತಿ ಹಾಕುದಾ? ನನಗೆ ತಲೆ ಕೆಟ್ಟಿಲ್ಲ ಡಾಕ್ಟ್ರೇ."

ಅವಳ ಮಗಳು ನಡೆಯಲು ಕಲಿತು, ಎಡಬದಿಯಿಂದ ಓಡಿ ಬಂದು, ಅಕ್ಕನಿಗೆ ಕಾಣದೆ ಮಗುವನ್ನು ಎಡವಿ ಇಬ್ಬರೂ ಬಿದ್ದ ಮೇಲೆ ಒಪ್ಪಿದಳು. ಮೊದಲು ಆ ಚೂರು ಇಟ್ಟರು. ಪದರ ಕೂತ ಮೇಲೆ, ಯಾರೋ ಸತ್ತವರ ಮನೆಯವರು ದಾನ ಕೊಟ್ಟ ಕಣ್ಣಿನ ಪಾರದರ್ಶಕ ಪೊರೆ ಇಟ್ಟು ಹೊಲಿದರು. ಪಟ್ಟಿ ಬಿಚ್ಚಿದಾಗ ಕಿಟಕಿಯ ಪರದೆ ಹಸಿರು ಎಂದು ಹೇಳಿದಳು. ನಾವು ಅತ್ತೆವು. ಆದರೆ ಆ ಕಣ್ಣಿನಲ್ಲಿ ನೀರು ಒಸರುವ ಗ್ರಂಥಿಗಳೂ ಹಾಳಾಗಿದ್ದರಿಂದ ಕಣ್ಣು ಒಣಗಿ ಒಣಗಿ ಆ ಪೊರೆ ಕ್ರಮೇಣ ಮಬ್ಬಾಯಿತು. ಈಗ ಬಣ್ಣ ಗೊತ್ತಾಗುತ್ತದೆ, ಕೈ ಬೀಸಿದರೆ ಗೊತ್ತಾಗುತ್ತದೆ. ಮಗಳ ಮುಖ ಗೊತ್ತಾಗುವುದಿಲ್ಲ. ದಿನಕ್ಕೆ ಹಲವು ಸಲ ಆ ಕಣ್ಣಿಗೆ ಬಾಟಲಿಯಿಂದ ನೀರಿನಂಥ ಹನಿ ಬಿಟ್ಟುಕೊಳ್ಳಬೇಕು. ಅಂದು ಬೇಡವೆಂದ ನೀರನ್ನು ಅವಳು ಬದುಕಿಡೀ ಹನಿ ಹನಿಯಾಗಿ ಹಾಕಿಕೊಳ್ಳುತ್ತಿದ್ದಾಳೆ.

ಗುಂಪಿನವರು ಕಳೆದುಕೊಂಡದ್ದು ಒಗ್ಗಟ್ಟು ಎನ್ನುತ್ತಾರೆ. ನಾನು ಬಹಳ ಯೋಚಿಸಿದೆ. ಆ ಲೈನಿನವರು ಯಾವ ವಿಷಯಕ್ಕೂ ಒಂದಾದದ್ದನ್ನು ನಾನು ನೋಡಿಲ್ಲ, ನೀರಿನ ಸರದಿಗೆ ಒಂದಾಗಲಿಲ್ಲ, ಬಟ್ಟೆ ಒಣಗಿಸುವ ಹಗ್ಗಕ್ಕೆ ಒಂದಾಗಲಿಲ್ಲ. ಎಲ್ಲರೂ ಒಂದೇ ಬಾಯಿಯಲ್ಲಿ ಒಂದೇ ಮಾತು ಹೇಳಿದ್ದು, ಒಟ್ಟಿಗೆ ಕೈ ಹಾಕಿದ್ದು, ಆ ಒಂದು ಮಧ್ಯಾಹ್ನ ಮಾತ್ರ. ಲೈನ್ ಈಗ ಇಲ್ಲ, ಅಲ್ಲಿ ಅಂಗಡಿಗಳ ಕಟ್ಟಡ ಎದ್ದಿದೆ. ಅದು ಹೋದದ್ದಕ್ಕೆ ನನಗೆ ಒಂದು ಚೂರೂ ಬೇಸರವಿಲ್ಲ. ತಿರುವಿನಲ್ಲಿ ಬಸ್ಸಿನ ಬೋರ್ಡು ಓದುತ್ತಿದ್ದ ಹುಡುಗಿ ಹೋದಳು. ನನ್ನ ಲೆಕ್ಕದಲ್ಲಿ ಕಳೆದುಹೋದದ್ದು ಅವಳು.

ಇಷ್ಟು ಬರೆದು ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿ ಓದಿ ಹೇಳಿದೆ. ಅವಳು ಕಣ್ಣಿಗೆ ಹನಿ ಬಿಟ್ಟುಕೊಂಡು ತಲೆ ಹಿಂದಕ್ಕೆ ಒರಗಿಸಿ ಕೇಳುತ್ತಿದ್ದಳು. ಮುಗಿದ ಮೇಲೆ ಹನಿಯ ಬಾಟಲಿಯ ಮುಚ್ಚಳ ಬಿಗಿದಳು.

"ನಳ್ಳಿ ಬಂದ್ ಮಾಡ್ಲಿಲ್ಲ ಯಾರೂ, ಅದು ಬರೆದಿಯಾ?" ಎಂದು ಕೇಳಿದಳು.

"ಎಂತ?"

"ನನ್ನನ್ನು ಹಿಡ್ಕೊಂಡಿದ್ರಲ್ಲ, ಅಷ್ಟೂ ಹೊತ್ತು. ಕುಸುಮಕ್ಕನ ಕೊಡಪಾನ ತುಂಬಿ ಚೆಲ್ತಾ ಇತ್ತು. ಒಬ್ಬರೂ ಬೈಲಿಲ್ಲ ಮಾರಾಯ್ತಿ, ಅದೊಂದು ದಿನ." ಅವಳು ನಕ್ಕಳು. "ನೀರು ಅಂಗಳದಲ್ಲಿ ಹರ್ಕೊಂಡು ಬಂತು. ನನ್ನ ಪಾದ ಒದ್ದೆ ಆಯ್ತು. ತಣ್ಣಗೆ ಇತ್ತು."